ಕಡತದಿಂದ ಗಣಕಯಂತ್ರಕ್ಕೆ

ಕಚೇರಿಯಾಗಲಿ, ಕಾರ್ಖಾನೆಯಾಗಲಿ, ಶಾಲೆಯಾಗಲಿ, ಯಾವ ಸಂಸ್ಥೆಯಾದರೂ ನಡೆಯುವುದು ತಿಳಿವಳಿಕೆಯ ಆಧಾರದ ಮೇಲೆ. ಯಾರಿಂದ ಏನು ಬಂತು, ಯಾರಿಗೆ ಏನು ಸಲ್ಲಬೇಕು, ಯಾವ ಕೆಲಸ ಎಲ್ಲಿ ನಿಂತಿದೆ ಎಂಬುದು ಗೊತ್ತಿಲ್ಲದಿದ್ದರೆ ಒಂದು ದಿನವೂ ಸಾಗದು. ಈ ತಿಳಿವಳಿಕೆಯನ್ನು ಕೂಡಿಹಾಕಿ, ಅಣಿಗೊಳಿಸಿ, ಬೇಕಾದವರಿಗೆ ಬೇಕಾದ ಹೊತ್ತಿಗೆ ಒದಗಿಸುವ ಏರ್ಪಾಡಿಗೆ ‘ಮಾಹಿತಿ ವ್ಯವಸ್ಥೆ’ ಎಂದು ಹೆಸರು. ಹೆಸರೇನೋ ಹೊಸದು, ವಸ್ತು ಹಳೆಯದೇ. ನಮ್ಮ ಶಾಸನಗಳಲ್ಲಿ ಕಾಣುವ ‘ಸೇನಬೋವ’ನೇ ಕಾಲಕ್ರಮದಲ್ಲಿ ಶಾನುಭೋಗನಾದ. ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಲೆಕ್ಕ ಬರೆದು ಮಡಿಸಿಡುತ್ತಿದ್ದ ಪುಸ್ತಕಕ್ಕೆ ‘ಕಡತ’ವೆಂದು ಹೆಸರಿತ್ತು. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಅದೇ ಹೆಸರು ಉಳಿದಿದೆ. ಬಟ್ಟೆ ಹೋಯಿತು, ಕಾಗದ ಬಂತು. ಈಗ ಕಾಗದದ ಸ್ಥಾನದಲ್ಲಿ ಗಣಕಯಂತ್ರ ಕುಳಿತಿದೆ.

ಯಂತ್ರವನ್ನು ಕೊಂಡುತಂದು ಮೇಜಿನ ಮೇಲಿಟ್ಟ ಮಾತ್ರಕ್ಕೆ ವ್ಯವಸ್ಥೆ ಹುಟ್ಟುವುದಿಲ್ಲ. ಅದಕ್ಕೆ ಹಲವು ಹಂತಗಳುಂಟು. ಅವುಗಳನ್ನು ಬರಿಯ ಸೂತ್ರರೂಪದಲ್ಲಿ ಹೇಳಿದರೆ ವಾಚಕರಿಗೆ ರುಚಿಸಲಾರದು. ಆದುದರಿಂದ ನಮ್ಮ ನಾಡಿನಲ್ಲಿಯೇ ನಡೆದ, ನಮ್ಮಲ್ಲಿ ಹಳ್ಳಿಯ ಜಮೀನಿನ ನಂಟುಳ್ಳವರೆಲ್ಲರಿಗೂ ಸಂಬಂಧಿಸಿದ ಒಂದು ನಿದರ್ಶನವನ್ನು ಹಿಡಿದು ವಿಚಾರಮಾಡೋಣ. ಅದು ಕರ್ನಾಟಕದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ.

ಪಹಣಿ ಎಂದರೇನೆಂಬುದು ಬಹುಮಂದಿಗೆ ಗೊತ್ತು. ಹಕ್ಕು, ಗೇಣಿ, ಬೆಳೆ ಈ ಮೂರರ ದಾಖಲೆ ಅದು. ಒಂಬತ್ತನೆಯ ಕಲಮಿನಲ್ಲಿ ಸ್ವಾಧೀನದಾರನ ಹೆಸರು, ಹನ್ನೊಂದರಲ್ಲಿ ಸಾಲವೇ ಮೊದಲಾದ ಋಣಗಳು, ಹನ್ನೆರಡರಲ್ಲಿ ಸಾಗುವಳಿದಾರ ಮತ್ತು ಬೆಳೆ. ೧೯೬೪ರ ಭೂಕಂದಾಯ ಕಾಯಿದೆಯ ಪ್ರಕಾರ, ಈ ದಾಖಲೆಯಲ್ಲಿ ಬರೆದದ್ದು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂದೇ ಭಾವಿಸತಕ್ಕದ್ದು. ೧೯೭೪ರ ಭೂಸುಧಾರಣೆಯ ಕಾಲದಲ್ಲಿ ಸಾಗುವಳಿದಾರನ ಕಲಮಿನಲ್ಲಿದ್ದ ಒಂದು ಸಾಲು ಎಷ್ಟೋ ಗೇಣಿದಾರರ ಪಾಲಿಗೆ ಬಲವಾದ ಸಾಕ್ಷಿಯಾಯಿತು. ಆ ಸಾಲು ಇಲ್ಲದವರು ಪಟ್ಟ ಪಾಡು ನ್ಯಾಯಮಂಡಲಿಗಳ ಕಾಗದಗಳಲ್ಲಿದೆ. ಇಂಥ ಪುಸ್ತಕಗಳು ಸುಮಾರು ೯೦೦೦ ಗ್ರಾಮ ಲೆಕ್ಕಿಗರ ವಶದಲ್ಲಿದ್ದುವು. ಒಬ್ಬೊಬ್ಬನಿಗೆ ಮೂರು ನಾಲ್ಕು ಹಳ್ಳಿ. ಆತ ಸಿಕ್ಕಿದರೆ ಪಹಣಿ ಸಿಕ್ಕಿತು. ಸಿಕ್ಕದಿದ್ದರೆ ರೈತ ಮತ್ತೊಂದು ದಿನ ಕೂಲಿ ಕಳೆದುಕೊಂಡು ಅಲೆಯಬೇಕು. ಕೈ ಬಿಸಿಮಾಡದೆ ಕಾಗದ ಹೊರಡುವುದಿಲ್ಲವೆಂಬ ದೂರಂತೂ ಸಾರ್ವತ್ರಿಕವಾಗಿತ್ತು.

ಮೊದಲನೆಯ ಹಂತ ಯೋಚನೆಯದು. ಕಷ್ಟ ಎಲ್ಲಿದೆ, ಅದನ್ನು ನೀಗಲು ಏನು ಬೇಕು, ಹಣವೆಷ್ಟು, ಜನವೆಷ್ಟು, ಕೈಗೂಡೀತೆ ಎಂದು ಅಳೆದುನೋಡುವುದು. ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಭೂದಾಖಲೆಗಳನ್ನು ಗಣಕಕ್ಕೆ ಸೇರಿಸುವ ಪ್ರಯತ್ನ ನಮ್ಮ ರಾಜ್ಯದಲ್ಲಿ ಕೇಂದ್ರ ಸರ್ಕಾರದ ಹಣದಿಂದ ೧೯೯೧ರಲ್ಲಿಯೇ ಪ್ರಾಯೋಗಿಕವಾಗಿ ಆರಂಭವಾಗಿ, ೧೯೯೬ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಆದರೆ ದಾಖಲೆಗಳು ದಿನದಿನವೂ ತಿದ್ದುಪಡಿಯಾಗುತ್ತಿದ್ದುದು ತಾಲ್ಲೂಕಿನಲ್ಲಿ. ಅಲ್ಲಿ ಯಂತ್ರವಿಡಲು ಆ ಯೋಜನೆಯಲ್ಲಿ ಅವಕಾಶವೇ ಇರಲಿಲ್ಲ! ಪುಸ್ತಕ ಒಂದು ಕಡೆ ಬದಲಾಗುತ್ತಿರುವಾಗ ಯಂತ್ರದೊಳಗಿನ ಪ್ರತಿ ಮತ್ತೊಂದು ಕಡೆ ಹಾಗೆಯೇ ಉಳಿದರೆ ಏನಾದೀತು? ನಿನ್ನೆಯ ಹಾಜರಿ ಪಟ್ಟಿಯನ್ನು ಹಿಡಿದು ಇಂದಿನ ಮಕ್ಕಳನ್ನು ಕೂಗಿದಂತಾದೀತು. ಯಂತ್ರಕ್ಕೆ ಬುದ್ಧಿಯಿಲ್ಲವೆಂದು ದೂರುವವರು ಇಂಥ ಕಡೆ ಯಂತ್ರವನ್ನು ಸುಮ್ಮನೆ ದೂರುತ್ತಾರೆ.

ಈ ಅನುಭವದ ಮೇಲೆ, ಶತಮಾನದ ಕೊನೆಯ ವರ್ಷಗಳಲ್ಲಿ, ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿಯವರ ಮೇಲ್ವಿಚಾರಣೆಯಲ್ಲಿ ‘ಭೂಮಿ’ ಹೊಸದಾಗಿ ರೂಪುಗೊಂಡಿತು. ತಂತ್ರಾಂಶವನ್ನು, ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಮಾಲೆಯನ್ನು, ಸಿದ್ಧಪಡಿಸಿದವರು ರಾಷ್ಟ್ರೀಯ ಮಾಹಿತಿ ಕೇಂದ್ರದವರು.

ಎರಡನೆಯ ಹಂತ ಶೋಧನೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡದು. ಈಗ ಕೆಲಸ ಹೇಗೆ ನಡೆಯುತ್ತಿದೆ ಎಂಬುದನ್ನು, ಅದನ್ನು ಮಾಡುವವರ ಬಾಯಿಂದ ಕೇಳಿ, ಕಣ್ಣಾರೆ ಕಂಡು, ಒಂದೂ ಬಿಡದೆ ಬರೆದುಕೊಳ್ಳಬೇಕು. ಸುತ್ತೋಲೆಯಲ್ಲಿರುವ ಕ್ರಮ ಒಂದು, ನಡೆಯುವ ಕ್ರಮ ಒಂದು. ಕೆಲವು ಸಂಗತಿಗಳು ಮಾಡುವವನಿಗೆ ಎಷ್ಟು ಬಳಕೆಯಾಗಿರುತ್ತವೆಯೆಂದರೆ, ಅವನ್ನು ಹೇಳಬೇಕೆಂದೇ ಅವನಿಗೆ ತೋಚುವುದಿಲ್ಲ. ಜಮೀನಿನ ಅಳತೆಯನ್ನೇ ನೋಡಿ. ನೂರು ಪೈಸೆಗೆ ಒಂದು ರೂಪಾಯಿಯಂತೆ ಕೂಡುವುದು ಗಣಕಕ್ಕೆ ಸುಲಭ. ಆದರೆ ಎಕರೆಗೆ ೪೦ ಗುಂಟೆ, ಗುಂಟೆಗೆ ೧೬ ಆಣೆ. ದಕ್ಷಿಣ ಕನ್ನಡ, ಉಡುಪಿಯ ಕಡೆಗೆ ಹೋದರೆ ಸೆಂಟ್ಸ್ ಲೆಕ್ಕ. ಅಲ್ಲಿ ಎಕರೆಗೆ ನೂರು. ೧ ಎಕರೆ ೨೫ ಗುಂಟೆಗೆ ಇನ್ನೊಂದು ೧ ಎಕರೆ ೨೫ ಗುಂಟೆ ಸೇರಿದರೆ ೩ ಎಕರೆ ೧೦ ಗುಂಟೆ ಎಂಬುದು ಹಳ್ಳಿಯ ಹುಡುಗನಿಗೂ ಗೊತ್ತು. ಹೇಳಿಕೊಡದಿದ್ದರೆ ಯಂತ್ರ ೨ ಎಕರೆ ೫೦ ಎಂದೀತು. ಮೇಲಾಗಿ ಸರ್ವೆ ನಂಬರು, ಅದರ ಹಿಸ್ಸೆಗಳು, ಕಂದಾಯವಿಲ್ಲದ ಖರಾಬು, ಒಂದೇ ತುಂಡಿಗೆ ಐದಾರು ಮಂದಿ ಜಂಟಿ ಖಾತೆದಾರರು.

ಹೆಸರುಗಳ ತೊಡಕು ಇದಕ್ಕಿಂತ ಸ್ವಾರಸ್ಯವಾದುದು. ಕನ್ನಡ ಪಂಡಿತನಾದವನು ಇದನ್ನು ಹೇಳದೆ ಹೋಗಲಾರ. ಸಿದ್ದಪ್ಪ, ಸಿದ್ಧಪ್ಪ, ಶಿದ್ದಪ್ಪ ಎಂದು ಒಬ್ಬನೇ ರೈತನ ಹೆಸರು ಮೂರು ವರ್ಷದ ಪುಸ್ತಕಗಳಲ್ಲಿ ಮೂರು ಬಗೆಯಾಗಿ ಇರುವುದುಂಟು. ಓದುವ ಮನುಷ್ಯ ನಕ್ಕು ಮುಂದೆ ಸಾಗುತ್ತಾನೆ. ಯಂತ್ರಕ್ಕಾದರೋ ಅಲ್ಪಪ್ರಾಣ ಮಹಾಪ್ರಾಣಗಳ ನಡುವೆ ಸಮುದ್ರವೇ ಇದೆ. ಅದು ಮೂವರು ಒಡೆಯರನ್ನು ಕಾಣುತ್ತದೆ. ತರಗತಿಯಲ್ಲಿ ಒತ್ತಕ್ಷರಕ್ಕಾಗಿ ನಾವು ಅರ್ಧ ಅಂಕ ಕಳೆದರೆ ಮುನಿಯುವ ತಂದೆತಾಯಿಗಳು, ಬ್ಯಾಂಕಿನಲ್ಲಿ ಸಾಲ ಕೇಳಹೋದಾಗ ಆಧಾರ್ ಚೀಟಿಯ ಹೆಸರಿಗೂ ಪಹಣಿಯ ಹೆಸರಿಗೂ ತಾಳೆಯಾಗದಿದ್ದರೆ ಅದೇ ಒತ್ತಕ್ಷರದ ಬೆಲೆಯನ್ನು ತಿಳಿಯುತ್ತಾರೆ.

ಶೋಧನೆ ಮುಗಿದಮೇಲೆ ವಿನ್ಯಾಸ. ಮನೆಗೆ ನಕ್ಷೆ ಹೇಗೋ ಹಾಗೆ. ಏನೇನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು, ಯಾರು ಯಾವುದನ್ನು ಮುಟ್ಟಬಹುದು, ಯಾರು ಮುಟ್ಟಕೂಡದು ಎಂದು ಇಲ್ಲಿ ನಿಶ್ಚಯವಾಗುತ್ತದೆ. ವಿನ್ಯಾಸವೆಂದರೆ ತಾಂತ್ರಿಕರ ಕೆಲಸ, ನಮಗೇನು ಎಂದು ಭಾವಿಸುವುದು ಸರಿಯಲ್ಲ. ಅಧಿಕಾರ ಯಾರ ಕೈಯಲ್ಲಿರಬೇಕೆಂಬುದು ಗೊತ್ತಾಗುವುದೇ ಇಲ್ಲಿ. ‘ಭೂಮಿ’ಯಲ್ಲಿ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ತೆಗೆದುಕೊಳ್ಳತಕ್ಕದ್ದೆಂದು ನಿಯಮಿಸಿ, ಆ ನಿಯಮವನ್ನು ಯಂತ್ರದೊಳಗೇ ಇರಿಸಿದರು. ಹಿಂದೆ ಬಂದವನನ್ನು ಮುಂದೆ ಕೂಡಿಸುವ ಸ್ವಾತಂತ್ರ್ಯ ಗುಮಾಸ್ತನಿಗೆ ತಪ್ಪಿತು. ದಾಖಲೆ ತಿದ್ದುವ ಅಧಿಕಾರಿ ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ತೋರಿಸಬೇಕು; ಆದುದರಿಂದ ‘ನಾನಲ್ಲ, ಯಾರೋ ಮಾಡಿದರು’ ಎನ್ನುವುದಕ್ಕೆ ದಾರಿ ಕಿರಿದಾಯಿತು. ಕಾನೂನು ಆಗ ವಿಧಿಸಿದ್ದ ೩೦ ದಿನಗಳ ತಕರಾರಿನ ಅವಧಿ ಕಳೆದಮೇಲೆ ಕಂದಾಯ ನಿರೀಕ್ಷಕರು ಸಹಿಮಾಡಿದ ಆಜ್ಞೆಯ ಚಿತ್ರವೂ ಯಂತ್ರದಲ್ಲಿ ಉಳಿಯುತ್ತಿತ್ತು. ಇದಲ್ಲದೆ ಕೌಂಟರಿನಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ಮುಖಮಾಡಿ ಇಟ್ಟರು. ಒಳಗೆ ಕುಳಿತವನು ಏನು ನೋಡುತ್ತಿದ್ದಾನೋ ಅದನ್ನೇ ಹೊರಗೆ ನಿಂತವನೂ ನೋಡಬಹುದು. ಇಡೀ ಯೋಜನೆಯಲ್ಲಿ ನನಗೆ ಮೆಚ್ಚಿಕೆಯಾದುದು ಈ ಎರಡನೆಯ ಪರದೆ.

ಬಳಿಕ ನಿರ್ಮಾಣ, ಎಂದರೆ ಆಜ್ಞೆಗಳನ್ನು ಬರೆಯುವುದು. ಹೊರಗಿನವರು ಇದೇ ಸರ್ವಸ್ವವೆಂದು ತಿಳಿದಿರುತ್ತಾರೆ. ಮೊದಲ ಹಂತಗಳು ಸರಿಯಾಗಿದ್ದರೆ ಇದು ಮೇಸ್ತ್ರಿಯ ಕೆಲಸದಂತೆ ಸಾಗುತ್ತದೆ. ‘ಭೂಮಿ’ಯಲ್ಲಿ ಹೆಚ್ಚು ಬೆವರು ಸುರಿದದ್ದು ಹಳೆಯ ದಾಖಲೆಗಳನ್ನು ಒಳಗೆ ತುಂಬುವುದರಲ್ಲಿ. ೬೭ ಲಕ್ಷ ರೈತರಿಗೆ ಸೇರಿದ ಸುಮಾರು ಎರಡು ಕೋಟಿ ದಾಖಲೆಗಳು! ಮಾಸಿದ ಪುಟಗಳು, ಬಗೆಬಗೆಯ ಕೈಬರಹ, ಹೊಡೆದುಹಾಕಿ ಮೇಲೆ ಬರೆದ ಸಾಲುಗಳು. ಬೆರಳಚ್ಚಿನವರು ತುಂಬಿದ್ದನ್ನು ಅಚ್ಚುಹಾಕಿ, ಮೂಲ ಪುಸ್ತಕಕ್ಕೆ ಹೋಲಿಸಿ ತಿದ್ದಲು ಗ್ರಾಮ ಲೆಕ್ಕಿಗರಿಗೇ ಕೊಟ್ಟರು. ಬೇರೆ ದಾರಿಯೂ ಇರಲಿಲ್ಲ, ಆ ಅಕ್ಷರಗಳನ್ನು ಓದಬಲ್ಲವರು ಅವರೇ ಅಷ್ಟೆ.

ಪರೀಕ್ಷೆಯ ಹಂತವನ್ನು ಉಪಾಧ್ಯಾಯನಾದ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮಾತು ಮಾತ್ರ ಸಾಕು: ಸರಿಯಾದ ಪ್ರಶ್ನೆಗೆ ಸರಿಯಾದ ಉತ್ತರ ಬಂದರೆ ಸಾಲದು, ತಪ್ಪು ಅರ್ಜಿಯನ್ನು ಹಾಕಿದಾಗ ವ್ಯವಸ್ಥೆ ಅದನ್ನು ತಡೆಯುತ್ತದೆಯೇ ಎಂದೂ ನೋಡಬೇಕು.

ಹಳೆಯದನ್ನು ಬಿಟ್ಟು ಹೊಸದಕ್ಕೆ ದಾಟುವುದು ಅತ್ಯಂತ ಭಯದ ಗಳಿಗೆ. ಎರಡನ್ನೂ ಕೆಲವು ಕಾಲ ಜೊತೆಜೊತೆಯಾಗಿ ನಡೆಸುವುದು ಒಂದು ಕ್ರಮ. ಹಾಗೆ ಮಾಡಿದರೆ ಕ್ಷೇಮವೆಂದು ತೋರುತ್ತದೆ. ಆದರೆ ಹಳೆಯ ಪುಸ್ತಕ ಕೈಯಲ್ಲಿರುವವರೆಗೆ ಹೊಸದನ್ನು ಯಾರು ಲಕ್ಷಿಸುತ್ತಾರೆ? ಇಲ್ಲಿ ಸೇತುವೆಯನ್ನೇ ಮುರಿದರು. ಯಾವ ತಾಲ್ಲೂಕಿನಲ್ಲಿ ಗಣಕ ಕೇಂದ್ರ ತೆರೆಯಿತೋ ಅಲ್ಲಿ ಕೈಬರಹದ ಪಹಣಿ ಕೊಡುವುದನ್ನು ನಿಷೇಧಿಸಿದರು. ಒಟ್ಟು ೧೭೭ ತಾಲ್ಲೂಕು ಕೇಂದ್ರಗಳಲ್ಲಿ, ಆಗಿನ ದರದಂತೆ ೧೫ ರೂಪಾಯಿಗೆ, ಅಚ್ಚಾದ ಪಹಣಿ ದೊರೆಯತೊಡಗಿತು.

ಇಷ್ಟಕ್ಕೆ ಮುಗಿಯಿತೆ? ಇಲ್ಲ. ಪಾಲನೆಯೆಂಬ ಕೊನೆಯ ಹಂತ ಮಿಕ್ಕೆಲ್ಲ ಹಂತಗಳಿಗಿಂತಲೂ ದೀರ್ಘ. ೧೯೭೦ರಲ್ಲಿ ವಿನ್‌ಸ್ಟನ್ ರಾಯ್ಸ್ ಎಂಬ ಅಮೆರಿಕದ ತಜ್ಞರು ಈ ಹಂತಗಳನ್ನು ಒಂದರ ಕೆಳಗೊಂದಾಗಿ ಚಿತ್ರಿಸಿ ತೋರಿಸಿದರು. ಅದನ್ನು ನೋಡಿದವರು ‘ಜಲಪಾತ’ದ ಕ್ರಮವೆಂದು ಕರೆದರು. ನೀರು ಕೆಳಗಿಳಿದ ಮೇಲೆ ಮತ್ತೆ ಮೇಲೇರದು ನಿಜ. ಆದರೆ ಒಮ್ಮುಖವಾಗಿ ಇಳಿದುಹೋಗುವುದು ಅಪಾಯಕರವೆಂದು ಆ ಲೇಖಕರೇ ಎಚ್ಚರಿಸಿದ್ದರು. ಅದನ್ನು ಓದಿದವರಿಗಿಂತ ಚಿತ್ರವನ್ನು ನೋಡಿದವರೇ ಹೆಚ್ಚು.

‘ಭೂಮಿ’ಯಲ್ಲಿಯೂ ಹಿಂದಿರುಗಿ ತಿದ್ದುವುದು ಬೇಕಾಯಿತು. ಹಳೆಯ ಪುಸ್ತಕದ ದೋಷಗಳು ಯಂತ್ರದೊಳಕ್ಕೂ ಬಂದಿದ್ದುವು; ತುಂಬುವಾಗ ಹೊಸವೂ ಸೇರಿದುವು. ಅವುಗಳ ತಿದ್ದುಪಡಿಗಾಗಿ ಕಂದಾಯ ಅದಾಲತ್ತುಗಳನ್ನು ನಡೆಸಬೇಕಾಯಿತು. ಕೈಬರಹದ ತಪ್ಪನ್ನು ಊರಿನಲ್ಲಿಯೇ ಗದರಿಸಿ ತಿದ್ದಿಸಬಹುದಾಗಿತ್ತು; ಅಚ್ಚಾದ ತಪ್ಪಿಗೆ ತಾಲ್ಲೂಕಿಗೆ ಹೋಗಬೇಕು. ೨೦೦೭ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಒಂದು ಅಧ್ಯಯನದಲ್ಲಿ, ಈ ವ್ಯವಸ್ಥೆಯಿಂದ ಅಧಿಕಾರ ಹಳ್ಳಿಯಿಂದ ಮೇಲಕ್ಕೆ ಸರಿಯಿತೆಂದೂ, ಬೆಂಗಳೂರಿನ ಸುತ್ತಮುತ್ತ ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಅನುಕೂಲವಾಯಿತೆಂದೂ ವಾದಿಸಿದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಬಡರೈತನಿಗೆ ತೆರೆದ ಪುಸ್ತಕ ಹಣವಂತನಿಗೂ ತೆರೆದಿರುತ್ತದೆ, ಓದುವ ಸೌಕರ್ಯ ಅವನಿಗೇ ಹೆಚ್ಚು.

ಮುಂದೆ ನೋಂದಣಿ ಇಲಾಖೆಯ ‘ಕಾವೇರಿ’, ಭೂಮಾಪನ ಇಲಾಖೆಯ ‘ಮೋಜಿಣಿ’ ಎಂಬ ವ್ಯವಸ್ಥೆಗಳು ಇದರೊಡನೆ ಕೂಡಿಕೊಂಡುವು. ಕ್ರಯಪತ್ರ ನೋಂದಣಿಯಾದರೆ ಆ ಸುದ್ದಿ ತಾನಾಗಿ ‘ಭೂಮಿ’ಗೆ ಮುಟ್ಟುತ್ತದೆ. ಮರಣದ ಸುದ್ದಿಯ ಮಾತು ಬೇರೆ. ತಾತ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ, ವಾರಸುದಾರರು ಪೌತಿ ಖಾತೆಗೆ ಅರ್ಜಿ ಹಾಕದಿದ್ದರೆ, ಪ್ರತಿ ಪಹಣಿಯಲ್ಲಿಯೂ ತಾತನ ಹೆಸರೇ ಅಚ್ಚಾಗಿ ಬರುತ್ತದೆ. ಪಟ್ಟಣದಲ್ಲಿ ನೆಲೆಸಿ ಹಳ್ಳಿಯಲ್ಲಿ ಪಿತ್ರಾರ್ಜಿತ ಉಳ್ಳವರು ಒಮ್ಮೆ ಪಹಣಿ ತೆಗೆಸಿ ಒಂಬತ್ತನೆಯ ಮತ್ತು ಹನ್ನೊಂದನೆಯ ಕಲಮುಗಳನ್ನು ನೋಡಿಕೊಳ್ಳಬಹುದು. ಹೆಸರು ಹಿರಿಯರದೇ ಇದ್ದರೆ ಮರಣಪತ್ರವನ್ನೂ ವಂಶವೃಕ್ಷವನ್ನೂ ಸಿದ್ಧಮಾಡಿಕೊಂಡು ಅರ್ಜಿ ಕೊಡಬೇಕಾಗುತ್ತದೆ; ತೀರಿಹೋದ ಸಾಲ ಋಣದ ಕಲಮಿನಲ್ಲಿ ಇನ್ನೂ ಇದ್ದರೆ ಬ್ಯಾಂಕಿನ ತೀರುವಳಿ ಪತ್ರವೂ ಜೊತೆಗೆ ಬೇಕು.