ಕಿಟಕಿಗೆ ಮೋಟಾರು ಪರದೆ

ಗುಂಡಿಯೊತ್ತಿದೊಡನೆ ಏರಿಳಿಯುವ ಕಿಟಕಿಪರದೆಯು ಸಿರಿವಂತರ ವಿಲಾಸವೆಂದೇ ನಮ್ಮಲ್ಲನೇಕರು ಭಾವಿಸಿದ್ದೇವೆ. ಅದರ ನಿಜವಾದ ಪ್ರಯೋಜನ ಬೇರೆ. ಸಾಮಾನ್ಯ ಸುರುಳಿಪರದೆಯ ಪಕ್ಕದಲ್ಲಿ ತೂಗುವ ಹಗ್ಗದ ಕುಣಿಕೆಯು ಎಳೆಯ ಮಕ್ಕಳ ಕೊರಳಿಗೆ ಉರುಳಾಗಬಲ್ಲುದು. ಇಂತಹ ಸಾವುಗಳನ್ನು ಕಂಡ ಅಮೆರಿಕದಲ್ಲಿ, ಸಿದ್ಧಪರದೆಗಳಿಗೆ ಮಕ್ಕಳ ಕೈಗೆಟಕುವ ಹಗ್ಗವಿರಕೂಡದೆಂಬ ಮಾನದಂಡವು 2018ರ ಡಿಸೆಂಬರಿನಲ್ಲಿ ಜಾರಿಗೆ ಬಂದಿತು. ಮೋಟಾರು ಪರದೆಗೆ ಆ ಹಗ್ಗದ ಹಂಗಿಲ್ಲ.

ಮೋಟಾರು ಪರದೆಯ ಕೊಳವೆಯೊಳಗೇ ಅಡಗಿರುತ್ತದೆ. ಗೋಡೆ ಕೊರೆದು ತಂತಿಯೆಳೆಯಲಾಗದ ಬಾಡಿಗೆಮನೆಗೆ ಬ್ಯಾಟರಿಯದು ಲೇಸು. 230 ವೋಲ್ಟಿನದಾದರೆ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರನೇ ಜೋಡಿಸಬೇಕು. ಚೌಕಟ್ಟಿನೊಳಗೆ ಕೂರಿಸುವುದಾದರೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆದು, ಅತಿ ಕಡಿಮೆಯ ಅಳತೆಯನ್ನೇ ಹಿಡಿಯತಕ್ಕದ್ದು. ಬಳಿಕ ಪರದೆ ನಿಲ್ಲಬೇಕಾದ ಮೇಲಿನ, ಕೆಳಗಿನ ಎಲ್ಲೆಗಳನ್ನು ಮೋಟಾರಿಗೆ ಗೊತ್ತುಪಡಿಸಬೇಕು. ಇಲ್ಲವಾದರೆ ಬಟ್ಟೆ ಎಲ್ಲೆ ಮೀರಿ ಸುತ್ತಿಕೊಂಡು ಕೆಡುತ್ತದೆ. ರಾತ್ರಿಪಾಳಿ ಮುಗಿಸಿ ಹಗಲು ಮಲಗುವ ಹೋಟೆಲ್ ಬಂಧುಗಳು ಬೆಳಕು ತಡೆಯುವ ದಟ್ಟ ಬಟ್ಟೆಯನ್ನು ಆರಿಸುವುದು ಒಳಿತು.

ಈ ವೆಚ್ಚ ಎಲ್ಲರಿಗೂ ನಿಲುಕದೆಂಬುದನ್ನು ನಾವು ಬಲ್ಲೆವು. ಅಂಥವರು ಇರುವ ಹಗ್ಗವನ್ನೇ ನೆಲದಿಂದ 150 ಸೆಂ.ಮೀ.ಗೂ ಎತ್ತರದ ಗೂಟಕ್ಕೆ ಸುತ್ತಿಡಲಿ. ಮಣಿಸರದ ಕುಣಿಕೆಯಾದರೆ ಜೋಲದಂತೆ ಗೋಡೆಗೆ ಬಿಗಿಯಲಿ. ತೊಟ್ಟಿಲನ್ನು ಕಿಟಕಿಯಿಂದ ದೂರವಿಡಲಿ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಎಚ್ಚರ ಬೇಕು.