ಎಂಜಿನ್ ಮಾರಾಟವಾದರೂ ಕಲಿಕೆ ಉಳಿಯಲಿ

ದೊಡ್ಡ ಕಂಪನಿ ಗೇಮ್ ಎಂಜಿನ್ ಒಂದನ್ನು ಕೊಂಡರೆ ಬಳಕೆದಾರರಿಗೆ ಖುಷಿಗಿಂತ ಅನುಮಾನವೇ ಹೆಚ್ಚು. ಅದು ಸುಮ್ಮನೆ ಹುಟ್ಟಿದ್ದಲ್ಲ. ಆಟೊಡೆಸ್ಕ್ 2008ರಲ್ಲಿ ಸಾಫ್ಟ್‌ಇಮೇಜ್ ಎಂಬ ಅನಿಮೇಷನ್ ತಂತ್ರಾಂಶವನ್ನು ಕೊಂಡಿತು. 2014ರಲ್ಲಿ ನಿಲ್ಲಿಸುವುದಾಗಿ ಘೋಷಿಸಿತು. ವರ್ಷಗಟ್ಟಲೆ ಅದರಲ್ಲೇ ಪಳಗಿದವರು ಬೇರೆಯದನ್ನು ಕಲಿಯಬೇಕಾಯಿತು.

ಅದೇ ವರ್ಷ ಕಂಪನಿ ಸ್ವೀಡನ್ನಿನ ಬಿಟ್‌ಸ್ಕ್ವಿಡ್ ಎಂಜಿನ್ ಖರೀದಿಸಿ, 2015ರಲ್ಲಿ ‘ಸ್ಟಿಂಗ್‌ರೇ’ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. 2018ರ ಜನವರಿಯಲ್ಲಿ ಅದರ ಪ್ರತ್ಯೇಕ ಮಾರಾಟವೂ ನಿಂತಿತು. ಅನುಮಾನಪಟ್ಟವರ ಲೆಕ್ಕ ತಪ್ಪಲಿಲ್ಲ.

ಆದರೆ ನನ್ನನ್ನು ಸೆಳೆದದ್ದು ಮುಂದಿನ ಕಥೆ. ಸ್ವೀಡನ್ನಿನ ಆರೋಹೆಡ್ ಸ್ಟುಡಿಯೊ ಆ ಎಂಜಿನ್ ಬಿಡಲಿಲ್ಲ. ಮಾರಾಟ ನಿಂತ ಮೇಲೂ ಅದನ್ನು ತಾನೇ ತಿದ್ದಿ ಬೆಳೆಸಿ, 2024ರಲ್ಲಿ ‘ಹೆಲ್‌ಡೈವರ್ಸ್ 2’ ಹೊರತಂದಿತು. ಆಟ ಭರ್ಜರಿಯಾಗಿ ಗೆದ್ದಿತು. ಎಂಜಿನ್ನಿನ ಒಳಗೇನಿದೆ ಎಂದು ಬಲ್ಲವರು ತಂಡದಲ್ಲಿದ್ದುದೇ ಇದಕ್ಕೆ ಆಧಾರ.

ಗೇಮಿಂಗ್ ಕ್ಷೇತ್ರದಲ್ಲಿ ಕೆಲಸ ಹುಡುಕುವ ನಮಗೆ ಇದರಲ್ಲಿ ಪಾಠವಿದೆ. ರೆಸ್ಯೂಮೆಯಲ್ಲಿ ಎಂಜಿನ್ ಹೆಸರು ಇರಲಿ. ಜೊತೆಗೆ ಸಿ ಪ್ಲಸ್ ಪ್ಲಸ್, ವೆಕ್ಟರ್, ಮ್ಯಾಟ್ರಿಕ್ಸ್‌ಗಳನ್ನೂ ಗಟ್ಟಿ ಮಾಡಿಕೊಳ್ಳೋಣ. ಮೂಲ ಕೋಡ್ ಮುಕ್ತವಾಗಿರುವ ಗೊಡೋ ಎಂಜಿನ್ ಉಚಿತವಾಗಿ ಸಿಗುತ್ತದೆ; ಅದನ್ನು ಬಿಚ್ಚಿ ಓದಬಹುದು. ಎಂಜಿನ್ ಯಾರ ಕೈಗೆ ಹೋಗುತ್ತದೋ ನಮಗೆ ಗೊತ್ತಿಲ್ಲ. ಅದು ಹೇಗೆ ಓಡುತ್ತದೆ ಎಂಬುದನ್ನಂತೂ ಕಲಿಯಬಹುದು.