ಬಂದ್ಯೋಡು: ಕಣ್ಣಿಗೆ ಮೂರಕ್ಷರ, ಕಂಪ್ಯೂಟರಿಗೆ ಎಂಟು

ಮಂಜೇಶ್ವರ ತಾಲೂಕಿನಲ್ಲಿ ಶಾಲಾ ಮಕ್ಕಳ ಪಟ್ಟಿಯಿರಲಿ, ಸೊಸೈಟಿ ಸದಸ್ಯರ ಪಟ್ಟಿಯಿರಲಿ, ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಒಂದೇ ಸ್ಪ್ರೆಡ್‌ಶೀಟಿನಲ್ಲಿ ಸೇರಿಕೊಳ್ಳಬಹುದು. ಕನ್ನಡಕ್ಕೊಂದು ಫಾಂಟ್, ಮಲಯಾಳಕ್ಕೊಂದು ಫಾಂಟ್ ಕೊಟ್ಟು, ಊರ ಹೆಸರನ್ನು ದಪ್ಪ ಮಾಡಬೇಕು ಅಂದುಕೊಳ್ಳಿ. ಸಾವಿರ ಸಾಲಿಗೆ ಇದನ್ನು ಮೌಸ್ ಹಿಡಿದು ಮಾಡುವುದು ಶಿಕ್ಷೆಯೇ ಸರಿ. ಪುಟ್ಟದೊಂದು ಪೈಥಾನ್ ಸ್ಕ್ರಿಪ್ಟ್ ಆ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಲಿಬ್ರೆಆಫೀಸಿನಲ್ಲಿ ಪೈಥಾನ್ ಮ್ಯಾಕ್ರೋ ಓಡಿಸುವ ಸೌಲಭ್ಯವಿದೆ.

ಯಾವುದು ಕನ್ನಡ, ಯಾವುದು ಮಲಯಾಳ ಎಂದು ಸ್ಕ್ರಿಪ್ಟಿಗೆ ತಿಳಿಯುವುದು ಸಂಖ್ಯೆಯಿಂದ. ಯೂನಿಕೋಡಿನಲ್ಲಿ ಕನ್ನಡಕ್ಕೆ ಮೀಸಲಾದದ್ದು 3200ರಿಂದ 3327. ಮಲಯಾಳ ಅದರ ಬೆನ್ನಿಗೇ, 3328ರಿಂದ 3455. ಅಲ್ಲೂ ಅಕ್ಕಪಕ್ಕದ ಮನೆಯವರೇ! ಪ್ರತಿ ಚಿಹ್ನೆಯ ಸಂಖ್ಯೆ ನೋಡಿ ಫಾಂಟ್ ಹಚ್ಚಿದರಾಯಿತು.

ತೊಡಕು ಬರುವುದು ಅಕ್ಷರ ಎಣಿಸುವಾಗ. ಇಲ್ಲಿನ ‘ಬಂದ್ಯೋಡು’ ಎಂಬ ಊರ ಹೆಸರು ನಮ್ಮ ಕಣ್ಣಿಗೆ ಬಂ, ದ್ಯೋ, ಡು. ಕಂಪ್ಯೂಟರಿನ ಒಳಗೆ ಬ, ಸೊನ್ನೆ, ದ, ಹಲಂತ, ಯ, ಓಕಾರ, ಡ, ಉಕಾರ ಎಂದು ಎಂಟು ಚಿಹ್ನೆಗಳು. ‘ಮೊದಲ ಮೂರು ಅಕ್ಷರ ಕೊಡು’ ಎಂದರೆ ಸಿಗುವುದು ‘ಬಂದ’ ಮಾತ್ರ. ಇನ್ನೂ ಒಂದಿದೆ. ಆ ಓಕಾರವನ್ನು ಒಂದೇ ಚಿಹ್ನೆಯಾಗಿಯೂ ಎಕಾರ, ಊಕಾರ, ದೀರ್ಘ ಎಂದು ಮೂರು ತುಂಡಾಗಿಯೂ ಉಳಿಸಬಹುದು. ಆಗ ಒಟ್ಟು ಹತ್ತು. ತೆರೆಯ ಮೇಲೆ ಎರಡೂ ಒಂದೇ. ಚಿಹ್ನೆಗೆ ಚಿಹ್ನೆ ಹೋಲಿಸುವ ಸ್ಕ್ರಿಪ್ಟಿಗೆ ಮಾತ್ರ ಇವು ಎರಡು ಬೇರೆ ಊರುಗಳು. ಪೈಥಾನಿನ ‘ಯೂನಿಕೋಡ್‌ಡೇಟಾ’ ಎಂಬ ಭಾಗದಲ್ಲಿರುವ ‘ನಾರ್ಮಲೈಸ್’ ಎಲ್ಲವನ್ನೂ ಒಂದೇ ರೂಪಕ್ಕೆ ತರುತ್ತದೆ. ಫಾಂಟ್, ಬಣ್ಣಗಳ ಮಾತು ಅದಾದ ಮೇಲೆಯೇ.

ಇಂಗ್ಲಿಷಿನಲ್ಲಿ ಈ ಊರ ಹೆಸರನ್ನು ನಡುವೆ ‘ಐ’ ಸೇರಿಸಿಯೂ ಸೇರಿಸದೆಯೂ ಬರೆಯುತ್ತಾರೆ. ಅವೆರಡೂ ಒಂದೇ ಊರು ಎಂದು ಊರು ಬಲ್ಲವರೇ ಪಟ್ಟಿ ಮಾಡಿ ಸ್ಕ್ರಿಪ್ಟಿಗೆ ಕೊಡಬೇಕು.

ಒತ್ತಕ್ಷರ ಒಡೆಯದಂತೆ ಪದವನ್ನು ತುಂಡರಿಸುವುದು ಇದಕ್ಕಿಂತ ಕಷ್ಟ. 2023ರ ಯೂನಿಕೋಡ್ 15.1 ಆವೃತ್ತಿ ಒತ್ತಕ್ಷರವನ್ನು ಒಂದೇ ಘಟಕವೆಂದು ಎಣಿಸುವ ನಿಯಮ ತಂದಿತು. ಅದರ ವ್ಯಾಪ್ತಿಗೆ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಬಂದವು, ಕನ್ನಡ ಬರಲಿಲ್ಲ. ಒಂದೇ ಹಾಳೆಯಲ್ಲಿ ಮಲಯಾಳದ ಒತ್ತಕ್ಷರ ಇಡಿಯಾಗಿ ಉಳಿದು, ಕನ್ನಡದ ‘ದ್ಯೋ’ ಮಾತ್ರ ‘ದ್’, ‘ಯೋ’ ಎಂದು ಸೀಳಿಹೋಗುವುದನ್ನು ಒಪ್ಪಿಕೊಂಡು ಕೂರಲಾಗದು. ಹಲಂತದ ಬೆನ್ನಿಗೇ ವ್ಯಂಜನ ಬಂದರೆ ಅಲ್ಲಿ ಕತ್ತರಿಸಬೇಡ ಎಂಬ ಒಂದು ಸಾಲನ್ನು ನಾವೇ ಸ್ಕ್ರಿಪ್ಟಿಗೆ ಸೇರಿಸಬಹುದು. ‘ಸಾಫ್ಟ್‌ವೇರ್’ನಂಥ ಪದದಲ್ಲಿ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆಯೊಂದು ಇರುವುದರಿಂದ, ಅದೇ ಸಾಲು ಅಲ್ಲಿ ‘ವೇ’ಯನ್ನು ತಾನಾಗಿ ಬೇರೆ ಇಡುತ್ತದೆ.